ಕೊಡಗಿನ ಇಂಧನ ಯೋಜನೆ ಹೆಂಗಸರ ಕೆಲಸದ ಲೆಕ್ಕದಿಂದ ಶುರುವಾಗಬೇಕೆ?

ಪರ

ಕೊಡಗಿನಲ್ಲಿ ಕರೆಂಟಿನ ಮಾತು ಬಂದರೆ ಮೊದಲು ಏಳುವುದು ಕಾಫಿ ತೋಟದ ಪಂಪ್‌ಸೆಟ್. 10 ಎಚ್‌ಪಿವರೆಗೆ ಉಚಿತ ಕೊಡಿ ಎಂದು ಕೇಳಲು ಬೆಳೆಗಾರರಿಗೆ ಸಂಘಗಳಿವೆ. ಅದೇ ತೋಟದ ಲೈನ್‌ಮನೆಯ, ಅಂದರೆ ಕೂಲಿಯಾಳುಗಳ ಸಾಲುಮನೆಯ, ಬಚ್ಚಲ ಒಲೆಗೆ ದಿನಕ್ಕೆ ಎಷ್ಟು ಸೌದೆ ಬೇಕು, ಅದನ್ನು ಹೊರುವವರು ಯಾರು ಎಂದು ಕೇಳುವವರಿಲ್ಲ. ಸ್ತ್ರೀವಾದಿ ಇಂಧನ ನೀತಿ ಹಿಡಿಯುವುದು ಈ ತುದಿಯನ್ನು: ಯಾರ ಹೊತ್ತು ಎಲ್ಲಿ ಸವೆಯುತ್ತಿದೆ ಎಂದು ಎಣಿಸಿ, ಆಮೇಲೆ ಕಂಬ ನೆಡಿ.

ಮಳೆಗಾಲದ ಬೆಳಿಗ್ಗೆ 18 ಡಿಗ್ರಿಯಲ್ಲಿರುವ 20 ಲೀಟರ್ ನೀರನ್ನು 45 ಡಿಗ್ರಿಗೆ ತರಲು 0.63 ಯೂನಿಟ್ ಶಾಖ ಬೇಕು. ಐವರ ಮನೆಗೆ 100 ಲೀಟರ್ ಎಂದಿಟ್ಟುಕೊಂಡರೆ ದಿನಕ್ಕೆ 3.1 ಯೂನಿಟ್, ತಿಂಗಳಿಗೆ 94. ಗ್ಯಾಸಿನಲ್ಲಿ ಕಾಸಿದರೆ ದಿನಕ್ಕೆ 400 ಗ್ರಾಂ ಆಗುತ್ತದೆ, 14.2 ಕೆಜಿಯ ಸಿಲಿಂಡರ್ ಬರೀ ಬಚ್ಚಲಿಗೇ 35 ದಿನದಲ್ಲಿ ಮುಗಿಯುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಹಂಡೆಗೆ ತಗಲುವುದು ಶಾಖದ ಹತ್ತರಲ್ಲೊಂದು ಪಾಲು, ಹಾಗಾಗಿ ಒಣ ಸೌದೆಯೇ 7 ಕೆಜಿ ಬೇಕು. ಆಷಾಢದಲ್ಲಿ ಒಣ ಸೌದೆ ಎಲ್ಲಿಂದ ಬರಬೇಕು? ಹಸಿ ಸೌದೆಯ ಉರಿ ಅದರೊಳಗಿನ ನೀರನ್ನು ಆರಿಸುವುದಕ್ಕೇ ಹೋಗುತ್ತದೆ, ಮನೆ ತುಂಬ ಹೊಗೆ.

2016ರಲ್ಲಿ ಬಂದ, ಬಡ ಮನೆಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲ ಯೋಜನೆ ಅಡುಗೆಯನ್ನಷ್ಟೇ ನೋಡಿತು, ಬಚ್ಚಲು ಕಣ್ಣಿಗೆ ಬೀಳಲಿಲ್ಲ. ಮರಗಸಿಯಲ್ಲಿ (ನೆರಳುಮರ ಸವರುವಾಗ) ಬಿದ್ದ ರೆಂಬೆ, ಕಪಾತಿನಲ್ಲಿ (ಕಾಫಿ ಗಿಡ ಸವರುವಾಗ) ಬಿದ್ದ ಕಡ್ಡಿ ಹೊರುವ ಕೆಲಸ ಹಾಗೇ ಉಳಿಯಿತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರಿಗೆ ದಿನಕ್ಕೆ 299 ನಿಮಿಷ ಹಿಡಿಯುತ್ತಿತ್ತು, ಗಂಡಸರಿಗೆ 97.

ಪ್ರತಿ ಲೈನ್‌ಮನೆಗೂ ಅಲ್ಲಿರುವ ಹೆಂಗಸಿನ ಹೆಸರಿನಲ್ಲೇ ಮೀಟರ್ ಬೇಕು. ಇಡೀ ಸಾಲಿಗೆ ತೋಟದ ಹೆಸರಿನ ಒಂದೇ ಮೀಟರ್ ಇದ್ದರೆ ಮನೆಗೆ ಉಚಿತ ಕರೆಂಟ್ ಕೊಡುವ ಗೃಹಜ್ಯೋತಿಗೆ ಅರ್ಜಿ ಹಾಕಲು ಮನೆಗೊಂದು ಆರ್‌ಆರ್ ಸಂಖ್ಯೆಯೇ (ಬಿಲ್ಲಿನ ಮೇಲಿನ ಸಂಪರ್ಕ ಸಂಖ್ಯೆ) ಇರುವುದಿಲ್ಲ. ಆ ಯೋಜನೆಯಲ್ಲೂ ಒಂದು ಅನ್ಯಾಯವಿದೆ. ತಿಂಗಳಿಗೆ 200 ಯೂನಿಟ್ ಎಂಬುದು ಗರಿಷ್ಠ ಮಿತಿ. ಮನೆಗೆ ಸಿಗುವುದು ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿದಷ್ಟೇ. ಎರಡು ಬಲ್ಬಿನಲ್ಲಿ ಕಾಲ ಕಳೆದ ಮನೆಗೆ ಬಚ್ಚಲಿನ 94 ಯೂನಿಟ್ ಅದರಲ್ಲಿ ಹಿಡಿಯದು. ಸೌದೆ ತಪ್ಪದ ಕಡೆ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯ ಮಾದರಿಯಲ್ಲಿ ಜಾಲರಿ, ಹೊಗೆಕೊಳವೆ ಇರುವ ಬಚ್ಚಲ ಒಲೆ ಕಟ್ಟಿಸಿ. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಒಳಕ್ಕೇ ತಿರುಗುತ್ತದೆ. ಮಸಿ ತೆಗೆಯಲು ಕೂಲಿಯನ್ನೂ ಯೋಜನೆಯಲ್ಲೇ ಇಡಬೇಕು.

ವಿರೋಧ

ಬಚ್ಚಲಿನ ಲೆಕ್ಕ ಒಪ್ಪತಕ್ಕದ್ದೇ. ಆದರೆ ಒಲೆ ಹೆಂಗಸಿನದು ಎಂದು ಸರ್ಕಾರದ ಕಾಗದದಲ್ಲೂ ಬರೆದರೆ ಅದು ಅವಳಿಗೇ ಗಂಟುಬೀಳುತ್ತದೆ. ಉಜ್ವಲದ ಸಂಪರ್ಕ ಅವಳ ಹೆಸರಿಗೆ ಬಂತು, ಮರುಪೂರಣದ ದುಡ್ಡು ಅವಳ ಕೈಗೆ ಬಂತೆ? ಮೀಟರ್ ಅವಳ ಹೆಸರಿಗಾದರೆ ಬಾಕಿಯೂ ಅವಳ ಹೆಸರಿಗೇ. ಕುಯ್ಲು ಮುಗಿಸಿ ಬೇರೆ ತೋಟಕ್ಕೆ ಹೊರಟವಳ ಹಿಂದೆ ಹಳೆಯ ಬಿಲ್ಲು ಹೊರಡುತ್ತದೆ.

ಅಸ್ಸಾಂ ಕಡೆಯಿಂದ ಬಂದ ಗಂಡಸರೇ ನಾಲ್ಕೈದು ಮಂದಿ ಸೇರಿ ಅಡುಗೆ ಮಾಡಿಕೊಂಡಿರುವ ಲೈನ್‌ಮನೆಗಳೂ ಇವೆ. ಉಜ್ವಲದ ಅರ್ಜಿಗೆ ಹೆಂಗಸೇ ಬೇಕು. ಹೊಗೆ ಕುಡಿಯುವುದರಲ್ಲಿ ಆ ಭೇದವಿಲ್ಲ.

ತೊಡಕಿರುವುದು ತಂತಿಯಲ್ಲಿ. ಸೌದೆ ನೆನೆದ ದಿನ ಬಕೆಟ್ಟಿಗೆ ಇಳಿಸುವ 1,500 ವ್ಯಾಟ್ ಕಾಯಿಲ್ 6.5 ಆಂಪಿಯರ್ ಎಳೆಯುತ್ತದೆ. ಬಲ್ಬಿಗೆಂದು ಎಳೆದ ತಂತಿಯ ತುದಿಯ 6 ಆಂಪಿಯರ್ ಸಾಕೆಟ್ ಅದನ್ನು ದಿನಾ ತಾಳುವುದಿಲ್ಲ. ಪ್ಲಗ್ ಕರಗುತ್ತದೆ; ಅರ್ಥಿಂಗ್ ಇಲ್ಲದ ಒದ್ದೆ ಬಚ್ಚಲಲ್ಲಿ ಜೀವವೇ ಹೋಗಬಹುದು. 2.5 ಚದರ ಮಿಮೀ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್, ಹೊರೆ ಮೀರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚು, 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಇಲ್ಲದೆ ಯಾರ ಹೆಸರಿನ ಮೀಟರ್ ಹಾಕಿದರೂ ಅಪಾಯವೇ.

ಬೆಳಿಗ್ಗೆ ಆರಕ್ಕೆ ಹತ್ತು ಮನೆಯ ಕಾಯಿಲ್ ಒಟ್ಟಿಗೆ ಹಾಕಿದರೆ 15 ಕಿಲೊವ್ಯಾಟ್. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾರಿಸುವ 10 ಎಚ್‌ಪಿ ಮೋಟಾರ್ ಅದಕ್ಕೆ ಏಳೂವರೆ ಕಿಲೊವ್ಯಾಟ್ ಮೀರಿ ಸೇರಿಸುತ್ತದೆ. 25 ಕೆವಿಎ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಉಸಿರು ಕಟ್ಟುತ್ತದೆ. ವೋಲ್ಟೇಜ್ 230ರಿಂದ 170ಕ್ಕೆ ಇಳಿದರೆ ಕಾಯಿಲ್‌ನ ಶಾಖ ಅರ್ಧದ ಹತ್ತಿರಕ್ಕೆ ಬರುತ್ತದೆ. 25 ನಿಮಿಷಕ್ಕೆ ಕಾಯುವ ನೀರಿಗೆ 45 ನಿಮಿಷ ಬೇಕು. ಜುಲೈನಲ್ಲಿ ಸಿಲ್ವರ್ ಓಕ್ ಲೈನಿನ ಮೇಲೆ ಬಿದ್ದರೆ ಅದೂ ಇಲ್ಲ. ಹಾಗಾಗಿ ಕೊಡಗಿಗೆ ಕರೆಂಟ್ ಕೊಡುವ ಕಂಪನಿ ಚೆಸ್ಕಾಂ ಮೊದಲು ಮಾಡಬೇಕಾದ್ದು ಮರದ ನಡುವೆ ಹೊದಿಕೆಯ ಕೇಬಲ್ ಎಳೆಯುವುದು, ಲೈನ್‌ಮನೆ ಸಾಲಿಗೆ ಬೇರೆ ಟಿಸಿ ಕೂರಿಸುವುದು. ಒಳಗಿನ ವೈರಿಂಗ್ ತೋಟದ ಮಾಲೀಕರ ಹೊಣೆಯಾಗಲಿ; ತೋಟ ಕಾರ್ಮಿಕರಿಗೆ ವಸತಿ ಕೊಡುವ ಹೊಣೆಯನ್ನು 1951ರ ಕಾಯ್ದೆಯೇ ಮಾಲೀಕರಿಗೆ ಹೊರಿಸಿತ್ತು.

ಕಾಡಂಚಿನ ಹಾಡಿಗಳಿಗೆ, ಅಂದರೆ ಆದಿವಾಸಿಗಳ ಊರುಗಳಿಗೆ, 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಇದೆ. ಗ್ರಾಮಸಭೆ ಶಿಫಾರಸು ಮಾಡಿದರೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗದಲ್ಲಿ, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯದಂತೆ, ವಿದ್ಯುತ್ ಲೈನ್ ಎಳೆಯಬಹುದು. ಆ ಗ್ರಾಮಸಭೆಯಲ್ಲಿ ಹೆಂಗಸರೂ ಗಂಡಸರೂ ಕೂತು ಠರಾವು ಬರೆಯಲಿ, ಅಂದಾಜುಪಟ್ಟಿ ಅದೇ ತಿಂಗಳು ಆಗಲಿ.