ಸ್ಟಾಕ್‌ಹೋಮ್ ನೋಡಬೇಕಾ? ಮೊದಲು ಕೋಡಿ ಹತ್ತಿರ ಬನ್ನಿ

ಊರಿಂದ ಯಾರೇ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ಗೆ ಹೊರಟರೂ ನನಗೆ ಬರುವ ಮೊದಲ ಮೆಸೇಜ್ ಒಂದೇ. "ಎರಡು ದಿನ ಸಾಕಲ್ವಾ?" ಜೊತೆಗೆ ಒಂದು ಪಟ್ಟಿ. ಅರಮನೆ, ನೊಬೆಲ್ ಮ್ಯೂಸಿಯಂ, ವಾಸಾ ಹಡಗು, ಸಿಟಿ ಹಾಲ್. ಎಲ್ಲದರ ಮುಂದೆ ಒಂದೊಂದು ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನನಗೆ ಬೇಜಾರಾಗುತ್ತದೆ. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ಈ ಊರನ್ನು ತುಂಬ ಹಚ್ಚಿಕೊಂಡಿದ್ದೇನೆ. ಅದನ್ನು ಹೇಗೆ ನೋಡಬೇಕು ಅಂತ ನನಗೆ ಕಲಿಸಿದ್ದು ಮಾತ್ರ ನಮ್ಮಪ್ಪ. ಮಂಡ್ಯ ಕಡೆಯ ರೈತ. ಒಂದು ಬೇಸಿಗೆಯಲ್ಲಿ ಆರು ವಾರ ನಮ್ಮ ಜೊತೆ ಇದ್ದು ಹೋದರು.

ಮೊದಲ ದಿನ ಅರಮನೆ ತೋರಿಸೋಣ ಅಂತ ಕರೆದುಕೊಂಡು ಹೊರಟೆ. ಸಂಸತ್ತಿನ ಪಕ್ಕದಲ್ಲಿ ನೊರ್‌ಬ್ರೋ ಅಂತ ಒಂದು ಸೇತುವೆ ದಾಟಬೇಕು. ಅಪ್ಪ ಸೇತುವೆ ನಡುವೆ ನಿಂತುಬಿಟ್ಟರು. ಎದುರಿಗೇ ಅರಮನೆ ಇದೆ, ಅವರು ಅತ್ತ ತಲೆ ಎತ್ತಲೇ ಇಲ್ಲ. ಕಟ್ಟೆ ಹಿಡಿದು ಕೆಳಗೆ ಬಗ್ಗಿದರು. ನೀರು ಸುಳಿ ಸುತ್ತಿಕೊಂಡು ನುಗ್ಗುತ್ತಿತ್ತು.

"ಅಲ್ಲ ಮಗಾ, ಇದ್ರಲ್ಲಿ ಕೆರೆ ಯಾವ್ದು, ಕೋಡಿ ಯಾವ್ದು?"

ಅಷ್ಟು ವರ್ಷ ಆ ಸೇತುವೆ ಮೇಲೆ ಓಡಾಡಿದ್ದ ನನಗೆ ಆ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ. ಪಶ್ಚಿಮಕ್ಕೆ ಇರುವುದು ಮೆಲಾರನ್ ಸರೋವರ. ಸಿಹಿನೀರು. ವಿಸ್ತಾರ ಸಾವಿರ ಚದರ ಕಿಲೋಮೀಟರ್‌ಗೂ ಜಾಸ್ತಿ, ನಮ್ಮ ಕನ್ನಂಬಾಡಿ ಹಿನ್ನೀರಿನಂಥವು ಏಳೆಂಟು ಸೇರಿದಷ್ಟು. ಪೂರ್ವಕ್ಕೆ ಇರುವುದು ಬಾಲ್ಟಿಕ್ ಸಮುದ್ರ. ಸರೋವರದ ಮಟ್ಟ ಸಮುದ್ರಕ್ಕಿಂತ ಸುಮಾರು 70 ಸೆಂಟಿಮೀಟರ್ ಮೇಲಿದೆ, ಅಷ್ಟೇ. ಸರೋವರದ ನೀರು ಸಮುದ್ರಕ್ಕೆ ಇಳಿಯುವ ಜಾಗದಲ್ಲಿ ಒಂದು ಸಣ್ಣ ನಡುಗಡ್ಡೆ. ಅದೇ ಹಳೇ ಪಟ್ಟಣ, ಗಾಮ್ಲಾ ಸ್ತಾನ್. ಇಷ್ಟು ಹೇಳಿದೆ. ಅಪ್ಪ ತಲೆಯಾಡಿಸಿದರು. "ಹಂಗಾದ್ರೆ ಈ ಊರು ಕೋಡಿ ಮೇಲೇ ಕೂತದೆ ಅನ್ನು."

ಸ್ಟಾಕ್‌ಹೋಮ್ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಇದು. ಉತ್ತರದ ವೆನಿಸ್, 14 ದ್ವೀಪಗಳ ನಗರ ಅಂತೆಲ್ಲ ಬರೆಯುತ್ತಾರೆ. ಹದಿನಾಲ್ಕು ದ್ವೀಪ ಇರುವುದು ನಿಜ. ಆದರೆ ಊರು ಹುಟ್ಟಿದ್ದೇ ಕೋಡಿ ಕಾಯುವುದಕ್ಕೆ. 1252ರ ಪತ್ರಗಳಲ್ಲಿ ಈ ಹೆಸರು ಮೊದಲ ಸಲ ಕಾಣಿಸುತ್ತದೆ. ಸ್ಟಾಕ್ ಅಂದರೆ ಮರದ ದಿಮ್ಮಿ, ಹೋಲ್ಮ್ ಅಂದರೆ ನಡುಗಡ್ಡೆ. ಅದಕ್ಕಿಂತ ಸ್ವಲ್ಪ ಮುಂಚಿನ ತನಕ ಮೆಲಾರನ್ ಸರೋವರವೇ ಆಗಿರಲಿಲ್ಲ, ಸಮುದ್ರದ ಒಂದು ಕೊಲ್ಲಿ. ಹಿಮಯುಗದಲ್ಲಿ ಇಲ್ಲಿ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು. ಅದು ಕರಗಿ ಭಾರ ಇಳಿದ ಮೇಲೆ ನೆಲ ಮೇಲಕ್ಕೆ ಏಳುತ್ತಿದೆ. ನಾವು ಎದ್ದ ಮೇಲೆ ಹತ್ತಿ ಹಾಸಿಗೆ ಮೆಲ್ಲಗೆ ಉಬ್ಬುತ್ತದಲ್ಲ, ಹಾಗೆ. ಈಗಲೂ ವರ್ಷಕ್ಕೆ ಸುಮಾರು ಅರ್ಧ ಸೆಂಟಿಮೀಟರ್ ಏಳುತ್ತಿದೆ. ಹಾಗೆ ಎದ್ದ ನೆಲವೇ ಏರಿಯಂತಾಗಿ ಕೊಲ್ಲಿ ಸರೋವರವಾಯಿತು. ಒಳನಾಡಿಗೆ ಹೋಗುವ ದೋಣಿಗಳು ಆಗ ಈ ಕೋಡಿ ದಾಟಲೇಬೇಕಿತ್ತು. ಅಲ್ಲೊಂದು ಕೋಟೆ ಕಟ್ಟಿ ಕೂತವರಿಗೆ ಇಡೀ ನಾಡಿನ ಬೀಗದ ಕೈ ಸಿಕ್ಕಿತು.

ಮಾರನೆ ದಿನ ಅಪ್ಪನ ಪ್ರಶ್ನೆ: "ಕೋಡಿ ನೋಡಿದ್ದಾಯ್ತು. ತೂಬು ಎಲ್ಲದೆ?" ಸ್ಲುಸೆನ್‌ಗೆ ಕರೆದುಕೊಂಡು ಹೋದೆ. ಹಳೇ ಪಟ್ಟಣದ ದಕ್ಷಿಣ ತುದಿ. ಆ ಹೆಸರಿನ ಅರ್ಥವೇ ತೂಬು, ದೋಣಿ ಹತ್ತಿಸಿ ಇಳಿಸುವ ಲಾಕ್. ಮೊದಲನೆಯದನ್ನು ಕಟ್ಟಿದ್ದು 1642ರಲ್ಲಿ. ನಾಲ್ಕನೆಯದು 1935ರದ್ದು. ಅದರ ಕಾಂಕ್ರೀಟ್ ಉದುರೋಕೆ ಶುರುವಾದ ಮೇಲೆ 2016ರಲ್ಲಿ ಐದನೆಯದರ ಕೆಲಸ ಹಿಡಿದರು. ಇಡೀ ಜಾಗವನ್ನೇ ಅಗೆದು ಹಾಕಿದ್ದರು. ಇಲ್ಲಿನ ಜನ ವರ್ಷಗಟ್ಟಲೆ ಆ ಧೂಳು, ಸುತ್ತು ದಾರಿ, ಖರ್ಚು ಅಂತ ಗೊಣಗಿದ್ದಾರೆ. ಅಪ್ಪ ಮಾತ್ರ ದಿನಾ ಬೆಳಿಗ್ಗೆ ತಿಂಡಿ ತಿಂದು ಬಸ್ ಹತ್ತಿ ಅಲ್ಲಿಗೆ ಹೋಗಿ ಬೇಲಿ ಹಿಡಿದು ನಿಲ್ಲುತ್ತಿದ್ದರು. ಒಂದು ಪದ ಸ್ವೀಡಿಷ್ ಬರದೆ ಅಲ್ಲಿನ ಕೆಲಸದವರ ಪರಿಚಯ ಮಾಡಿಕೊಂಡರು. ಗೇಟು ಎಲ್ಲಿ ಬರುತ್ತದೆ ಅಂತ ಕೈಯಲ್ಲೇ ಕೇಳಿ ತಿಳಿದುಕೊಂಡರು.

ಇಷ್ಟು ದೊಡ್ಡ ಕೆಲಸ ಯಾಕೆ ಅಂದರೆ, ಮೆಲಾರನ್ ಸುತ್ತಲಿನ 20 ಲಕ್ಷಕ್ಕೂ ಜಾಸ್ತಿ ಜನ ಕುಡಿಯುವುದು ಈ ಸರೋವರದ ನೀರು. ಮಳೆ, ಹಿಮ ಜಾಸ್ತಿಯಾದ ವರ್ಷ ಹಳೇ ಗೇಟುಗಳಲ್ಲಿ ನೀರು ಸಾಕಷ್ಟು ಬೇಗ ಹೊರಗೆ ಹೋಗುತ್ತಿರಲಿಲ್ಲ. ಹೊಸ ಸ್ಲುಸೆನ್‌ನಲ್ಲಿ ಹೊರಬಿಡುವ ನೀರು ಹಳೆಯದರ ಐದು ಪಟ್ಟು ಆಗಬಹುದು. ಇನ್ನೊಂದು ಭಯ ಸಮುದ್ರದ್ದು. ನೆಲ ಏಳುತ್ತಿದೆ ಅಂದೆನಲ್ಲ, ಈಗ ಸಮುದ್ರವೂ ಏಳುತ್ತಿದೆ. ಮಟ್ಟ ತಿರುಗುಮುರುಗಾದರೆ ಉಪ್ಪುನೀರು ಒಳಗೆ ಬರುತ್ತದೆ. ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಬಿಸಿಲು ಬಿದ್ದ ಒಂದು ಸಂಜೆ ಲೋಂಗ್‌ಹೋಲ್ಮೆನ್ ದ್ವೀಪಕ್ಕೆ ಹೋದೆವು. 1975ರವರೆಗೆ ಅಲ್ಲೊಂದು ದೊಡ್ಡ ಜೈಲಿತ್ತು, ಈಗ ಅದು ಹೋಟೆಲ್. ಅಲ್ಲಿ ಬಂಡೆಗಳ ಮೇಲೆ ಮಕ್ಕಳು, ಮುದುಕರು, ಆಫೀಸು ಬಿಟ್ಟು ಬಂದವರು, ಎಲ್ಲರೂ ನೀರಿಗೆ ಧುಮುಕುತ್ತಿದ್ದರು. ರಾಜಧಾನಿಯ ನಟ್ಟನಡುವೆ. "ಕುಡಿಯೋ ನೀರ್ನಾಗೆ ಈಜ್ತಾವ್ರಲ್ಲ ಮಗಾ!" ಅಂದರು ಅಪ್ಪ. ಕುಡಿಯುವ ನೀರು ಎತ್ತುವುದು ಇನ್ನೂ ಪಶ್ಚಿಮಕ್ಕೆ, ಶುದ್ಧ ಮಾಡಿಯೇ ಕೊಡುತ್ತಾರೆ ಅಂತ ಹೇಳಿದೆ. ಆದರೂ ಸರೋವರ ಒಂದೇ. ಅಪ್ಪ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ಇಳಿದರು. ಬೊಗಸೆಯಲ್ಲಿ ನೀರೆತ್ತಿ ಬೆಳಕಿಗೆ ಹಿಡಿದು ನೋಡಿ ಮುಖ ತೊಳೆದುಕೊಂಡರು.

ಜನ ಹೀಗೆ ಈಜುವ ಫೋಟೋ ಹಾಕಿದಾಗೆಲ್ಲ ಒಂದು ಮಾತು ಬಂದೇ ಬರುತ್ತದೆ. "ಅವರಿಗೇನು, ದುಡ್ಡಿದೆ, ಜನ ಕಡಿಮೆ, ಹುಟ್ಟಿನಿಂದಲೇ ಶಿಸ್ತು." ನನಗೆ ಇದನ್ನು ಒಪ್ಪೋಕೆ ಆಗಲ್ಲ. ಈ ಊರು ಹುಟ್ಟಿನಿಂದ ಹೀಗಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇದು ಗಬ್ಬು ನಾತದ ಬಡ ಊರು. ಕೊಚ್ಚೆ ಎಲ್ಲ ಇದೇ ನೀರಿಗೆ. 1834ರ ಕಾಲರಾದಲ್ಲಿ 3 ಸಾವಿರಕ್ಕೂ ಜಾಸ್ತಿ ಜನ ಸತ್ತರು. ಕೊಳಾಯಿ ನೀರು ಬಂದಿದ್ದು 1861ರಲ್ಲಿ. 1941ರಲ್ಲಿ ಹೆನ್ರಿಕ್ಸ್‌ದಾಲ್ ಗುಡ್ಡದ ಬಂಡೆ ಕೊರೆದು, ಒಳಗೆ ಕೊಳಚೆ ನೀರು ಶುದ್ಧ ಮಾಡುವ ಘಟಕ ಶುರು ಮಾಡಿದರು. ಗುಡ್ಡದ ಮೇಲೆ ಮನೆಗಳಿವೆ, ಕೆಳಗೆ ಬಂಡೆಯೊಳಗೆ ಊರಿನ ಕೊಳಚೆ ತಿಳಿಯಾಗುತ್ತದೆ. ಅದೂ ಸಾಲದೆ 1970ರ ದಶಕದಲ್ಲಿ ಪಾಚಿ ಬೆಳೆಸುವ ರಂಜಕ (ಫಾಸ್ಫರಸ್) ತೆಗೆಯುವ ಕೆಲಸ ಸೇರಿಸಿದರು. ನೀರು ತಿಳಿಯಾಗಿದ್ದು ಆಮೇಲೆ. ಆ ಕೊಳಚೆಯಿಂದ ಬರುವ ಗ್ಯಾಸ್‌ನಲ್ಲಿ ಇವತ್ತು ಊರಿನ ಕೆಲವು ಬಸ್ಸುಗಳು ಓಡುತ್ತವೆ. ಇಷ್ಟಾಗಲು ನೂರು ವರ್ಷ ಹಿಡಿಯಿತು. ಪ್ರತಿ ಹಂತದಲ್ಲೂ ಯಾರೋ ಒಬ್ಬರು ಪಟ್ಟು ಹಿಡಿದು ಕೂತಿದ್ದಾರೆ.

ಪಟ್ಟು ಹಿಡಿದದ್ದು ಅಧಿಕಾರಿಗಳು ಮಾತ್ರ ಅಲ್ಲ. ಕುಂಗ್‌ಸ್ಟ್ರೆಡ್‌ಗೋರ್ಡನ್ ಉದ್ಯಾನಕ್ಕೆ ಏಪ್ರಿಲ್‌ನಲ್ಲಿ ಎಲ್ಲರೂ ಚೆರ್ರಿ ಹೂವಿನ ಫೋಟೋಗೆ ಬರುತ್ತಾರೆ. ಅಲ್ಲೇ ಒಂದು ಟೀ ಅಂಗಡಿ ಇದೆ, ಅದರ ಸುತ್ತ ಎಲ್ಮ್ ಮರಗಳು. 1971ರಲ್ಲಿ ಮೆಟ್ರೋ ನಿಲ್ದಾಣದ ಬಾಗಿಲಿಗಾಗಿ ಅಲ್ಲಿನ 13 ಎಲ್ಮ್ ಮರ ಕಡಿಯಲು ಹೊರಟರು. ಅದಕ್ಕೆ ಮೊದಲಿನ ವರ್ಷಗಳಲ್ಲಿ ಊರಿನ ನಡುವಿನ ನೂರಾರು ಹಳೇ ಕಟ್ಟಡ ಕೆಡವಿದ್ದರು, ಜನಕ್ಕೆ ಸಾಕಾಗಿತ್ತು. ಮೇ ತಿಂಗಳ ಒಂದು ರಾತ್ರಿ ಪೊಲೀಸರ ಜೊತೆ ಗರಗಸದವರು ಬಂದರು. ಜನ ಬೇಲಿ ಮುರಿದು ನುಗ್ಗಿ ಮರ ಹತ್ತಿ ಕೂತರು. ಕೊನೆಗೆ ಮರ ಉಳಿಯಿತು, ನಿಲ್ದಾಣದ ಬಾಗಿಲು ಬೇರೆ ಕಡೆ ಹೋಯಿತು. ನಾನು ಬಂದವರನ್ನೆಲ್ಲ ಆ ಮರದ ಕೆಳಗೆ ಒಂದು ಸಲ ಕೂರಿಸುತ್ತೇನೆ.

ಟ್ರಾಫಿಕ್ ಕತೆಯೂ ಅಷ್ಟೇ. ಊರೊಳಗೆ ಬರುವ ಕಾರಿಗೆ ತೆರಿಗೆ ಅಂದಾಗ ಬಹುಪಾಲು ಜನ ವಿರೋಧಿಸಿದರು. 2006ರಲ್ಲಿ ಏಳು ತಿಂಗಳು ಸುಮ್ನೆ ಪ್ರಯೋಗ ಅಂತ ಮಾಡಿ ನೋಡಿದರು. ವಾಹನ ಸುಮಾರು ಐದರಲ್ಲಿ ಒಂದು ಭಾಗ ಕಡಿಮೆಯಾಯಿತು. ಪ್ರಯೋಗ ನಿಲ್ಲಿಸಿ, ಈಗ ಹೇಳಿ ಅಂತ ಜನರ ಮತ ಕೇಳಿದರು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಬೇಕು ಅಂದರು. ಮುಂದಿನ ವರ್ಷ ಅದು ಕಾಯಂ ಆಯಿತು.

ಪಟ್ಟಿಯಲ್ಲಿರುವ ವಾಸಾ ಹಡಗನ್ನೂ ಬಿಡಬೇಡಿ. ಆದರೆ ಅದರ ಕತೆ ಗೊತ್ತಿದ್ದು ನೋಡಿ. 1628ರ ಆಗಸ್ಟ್ 10. ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ಯುದ್ಧದ ಹಡಗು, 64 ತೋಪು. ಮೊದಲ ಸಲ ಹೊರಟು ಒಂದೂವರೆ ಕಿಲೋಮೀಟರ್ ಕೂಡ ಹೋಗಲಿಲ್ಲ. ಒಂದು ಗಾಳಿ ಬೀಸಿತು, ವಾಲಿತು, ತೋಪಿನ ಕಿಂಡಿಗಳಲ್ಲಿ ನೀರು ನುಗ್ಗಿ ಮುಳುಗಿತು. ಮೇಲೆ ಭಾರ ಜಾಸ್ತಿ, ತಳದಲ್ಲಿ ಕಡಿಮೆ. ಹೊರಡುವ ಮುಂಚೆಯೇ ಇದು ಗೊತ್ತಾಗಿತ್ತು. 30 ಜನರನ್ನು ಡೆಕ್ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ ಪರೀಕ್ಷೆ ಮಾಡಿದ್ದರು. ಹಡಗು ಎಷ್ಟು ಓಲಾಡಿತು ಅಂದರೆ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ರಾಜ ಯುದ್ಧಕ್ಕೆ ಹೋಗಿದ್ದ, ಹಡಗು ಬೇಗ ಬೇಕು ಅಂತ ಒತ್ತಾಯ. ಯಾರೂ ಬೇಡ ಅನ್ನಲಿಲ್ಲ. ಆಮೇಲೆ ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆ ಆಗಲಿಲ್ಲ.

1961ರಲ್ಲಿ, 333 ವರ್ಷದ ನಂತರ, ಅದನ್ನು ಮೇಲೆತ್ತಿದರು. ಮರ ಹಾಗೇ ಇತ್ತು. ಬೇರೆ ಸಮುದ್ರದಲ್ಲಾಗಿದ್ದರೆ ಮರ ಕೊರೆಯುವ ಹುಳು ತಿಂದು ಮುಗಿಸುತ್ತಿತ್ತು. ಬಾಲ್ಟಿಕ್‌ನಲ್ಲಿ ಉಪ್ಪು ಕಡಿಮೆ, ಆ ಹುಳು ಅಲ್ಲಿ ಬದುಕಲ್ಲ. ಮ್ಯೂಸಿಯಂನ ಮಂದ ಬೆಳಕಿನಲ್ಲಿ ಅಪ್ಪ ಹಡಗಿನ ಸುತ್ತ ಮೂರು ಸುತ್ತು ಬಂದರು. "ಗೆದ್ದಲು ಹತ್ತದೆ ಇರೋ ನೀರು" ಅಂತ ತಮಗೆ ತಾವೇ ಹೇಳಿಕೊಂಡರು.

ನೊಬೆಲ್ ವಿಷಯದಲ್ಲೂ ಒಂದು ಮಾತು. ಎಲ್ಲರೂ ಮ್ಯೂಸಿಯಂಗೆ ಹೋಗುತ್ತಾರೆ. ನಾನು ಹೋಟೋರ್ಗೆಟ್‌ಗೆ ಕರೆದುಕೊಂಡು ಹೋಗುತ್ತೇನೆ. ಹೂವು, ಹಣ್ಣು, ತರಕಾರಿಯ ಸಂತೆ. ಅದರ ಎದುರಿಗೇ ನೀಲಿ ಗೋಡೆಯ ಕನ್ಸರ್ಟ್ ಹಾಲ್. ಪ್ರತಿ ಡಿಸೆಂಬರ್ 10ಕ್ಕೆ, ಶಾಂತಿಯದೊಂದು ಬಿಟ್ಟು, ನೊಬೆಲ್ ಕೊಡುವುದು ಅಲ್ಲಿ. 1930ರಲ್ಲಿ ಸರ್ ಸಿ.ವಿ. ರಾಮನ್ ಪ್ರಶಸ್ತಿ ತೆಗೆದುಕೊಂಡಿದ್ದೂ ಅಲ್ಲೇ. ಮೂರು ವರ್ಷದ ನಂತರ ಬೆಂಗಳೂರಿಗೆ ಬಂದು ನಮ್ಮವರೇ ಆಗಿಬಿಟ್ಟರು. ಅಪ್ಪ ಮೆಟ್ಟಿಲ ಮುಂದೆ ಕೈಮುಗಿದು ನಿಂತರು. ಆಮೇಲೆ ಟೊಮ್ಯಾಟೊ ಬೆಲೆ ವಿಚಾರಿಸಿದರು. ಇನ್ನೊಂದು ಪ್ರಶಸ್ತಿ ಇದೆ, ಅದರ ಹೆಸರು ನಮ್ಮಲ್ಲಿ ಅಷ್ಟು ಜನಕ್ಕೆ ಗೊತ್ತಿಲ್ಲ. ಸ್ಟಾಕ್‌ಹೋಮ್ ವಾಟರ್ ಪ್ರೈಜ್. 1991ರಿಂದ ನೀರಿಗಾಗಿ ದುಡಿದವರಿಗೆ ಕೊಡುತ್ತಾರೆ. 2015ರಲ್ಲಿ ಬಂದಿದ್ದು ರಾಜಸ್ಥಾನದಲ್ಲಿ ಹಳೇ ಕಟ್ಟೆಗಳಿಗೆ ಜೀವ ಕೊಟ್ಟ ರಾಜೇಂದ್ರ ಸಿಂಗ್ ಅವರಿಗೆ.

ಈ ಊರಿನ ಕಷ್ಟ ಹೇಳದಿದ್ದರೆ ಮೋಸ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮೊದಲ ಚಳಿಗಾಲ ನಾನು ದಿನಾ ಅತ್ತಿದ್ದೇನೆ. ಬಾಡಿಗೆ ಮನೆಗೆ ನಗರದ ಸರತಿಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಇನ್ನೊಬ್ಬರ ಮನೆಯಲ್ಲಿ ಒಳಬಾಡಿಗೆ. ನಾವು ಆರು ವರ್ಷದಲ್ಲಿ ಐದು ಮನೆ ಬದಲಾಯಿಸಿದೆವು. ಅದಕ್ಕಿಂತ ನೋವಿನ ಸಂಗತಿ ಊರಂಚಿನ ಬಡಾವಣೆಗಳದ್ದು. ರಿಂಕೆಬಿ, ಟೆನ್‌ಸ್ಟಾ, ಹುಸ್ಬಿ. 1965ರಿಂದ 1974ರವರೆಗೆ ದೇಶದಲ್ಲಿ ಹತ್ತು ಲಕ್ಷ ಮನೆ ಕಟ್ಟಿದ ಕಾಲದ ಬಡಾವಣೆಗಳು. ಈಗ ಅಲ್ಲಿ ಬಹುಪಾಲು ಹೊರದೇಶದಿಂದ ಬಂದವರು. ಮೆಟ್ರೋದಲ್ಲಿ ಇಪ್ಪತ್ತು ನಿಮಿಷದ ದಾರಿ. ಆದರೂ ಊರಿನ ನಡುವೆ ಇರುವ ಎಷ್ಟೋ ಜನ ಅಲ್ಲಿಗೆ ಒಂದು ಸಲವೂ ಹೋಗಿಲ್ಲ. ನೀರನ್ನು ಇಷ್ಟು ಚೆನ್ನಾಗಿ ಕಾಪಾಡಿದ ಊರು ಆ ಮಕ್ಕಳನ್ನೂ ಹಾಗೇ ಕಾಪಾಡಬೇಕು ಅಂತ ನಾನು ಎಲ್ಲರ ಮುಂದೆಯೂ ಹೇಳುತ್ತೇನೆ.

ಹಾಗಾಗಿ ಬರುವವರಿಗೆ ನನ್ನ ಮಾತು: ಎರಡು ದಿನ ಸಾಲದು. ನಾಲ್ಕು ದಿನವಾದರೂ ಇಟ್ಟುಕೊಳ್ಳಿ. ಮೆಟ್ರೋ ಹತ್ತಿ ಟಿ-ಸೆಂಟ್ರಾಲೆನ್‌ನ ನೀಲಿ ಬಳ್ಳಿಗಳ ಗುಹೆಯಲ್ಲಿ ಇಳಿದು ತಲೆ ಎತ್ತಿ ನೋಡಿ. ಆ ನಿಲ್ದಾಣ ಕಟ್ಟಿದ ಕೆಲಸದವರ ನೆರಳು ಚಿತ್ರಗಳನ್ನೇ ಚಾವಣಿ ಮೇಲೆ ಬರೆದಿದ್ದಾರೆ. ಹಳೇ ಪಟ್ಟಣದ ಫಿನ್ನಿಷ್ ಚರ್ಚಿನ ಹಿಂದೆ ಗೇಣುದ್ದವೂ ಇಲ್ಲದ ಒಬ್ಬ ಕಬ್ಬಿಣದ ಹುಡುಗ ಚಂದ್ರನನ್ನು ನೋಡುತ್ತಾ ಕೂತಿದ್ದಾನೆ. ಚಳಿ ಬಂದರೆ ಯಾರೋ ಅವನಿಗೆ ಉಣ್ಣೆ ಟೋಪಿ ಹೆಣೆದು ಹಾಕಿ ಹೋಗುತ್ತಾರೆ. ಯಾವುದಾದರೂ ಬೇಕರಿಯಲ್ಲಿ ಏಲಕ್ಕಿ ಬನ್ ಕೇಳಿ. ಬಾಗಿಲು ತೆಗೆದ ಕೂಡಲೇ ಹಬ್ಬದ ದಿನದ ಅಡುಗೆಮನೆ ವಾಸನೆ ಬರುತ್ತದೆ. ಅದನ್ನು ಕಟ್ಟಿಸಿಕೊಂಡು ಸಂಜೆ ನೊರ್‌ಬ್ರೋ ಹತ್ತಿರ ಬನ್ನಿ. ಸಂಸತ್ತಿನ ಎದುರಿಗೇ ಗಾಳ ಹಾಕಿ ಸಾಲ್ಮನ್ ಮೀನಿಗೆ ಕಾಯುವವರು ಇರುತ್ತಾರೆ. ಅಲ್ಲಿ ಮೀನು ಹಿಡಿಯೋಕೆ ದುಡ್ಡು ಕೊಡಬೇಕಾಗಿಲ್ಲ.

ಅಪ್ಪ ಊರಿಗೆ ಹೋದ ಮೇಲೆ ವಾರಕ್ಕೊಂದು ಫೋನು. ನನ್ನ ಆರೋಗ್ಯ, ಮಗುವಿನ ಸ್ಕೂಲು, ವಿಸಿ ನಾಲೆಗೆ ನೀರು ಬಿಟ್ಟರೋ ಇಲ್ಲವೋ ಅನ್ನುವ ಸುದ್ದಿ. ಎಲ್ಲ ಮುಗಿದ ಮೇಲೆ, ಇಡುವ ಮುಂಚೆ ಕೇಳುತ್ತಾರೆ.

"ಅದ್ಸರಿ, ಆ ತೂಬಿನ ಕೆಲ್ಸ ಎಲ್ಲಿಗೆ ಬಂತು ಮಗಾ?"