ಕೆಸರಿನ ಹಾದಿಯ ಬಸುರಿ

ಕ್ಷಣಕ್ಷಣಕ್ಕೆ ಬದಲಾಗುವ ಬೆಳಕನ್ನು ಬಣ್ಣದಲ್ಲಿ ಹಿಡಿಯಲು ಹೊರಟ ಇಂಪ್ರೆಷನಿಸ್ಟ್ ಕಲಾವಿದರು ಬರೆದ ತಾಯಿಯ ಚಿತ್ರ ಎಂದೊಡನೆ ಹೂಬಿಟ್ಟ ತೋಟ, ಎಲೆಗಳ ಸಂದಿಯಿಂದ ಜಾರುವ ಬಿಸಿಲು, ಬಿಳಿ ಉಡುಪಿನ ಹೆಂಗಸು, ಮಡಿಲಲ್ಲಿ ಮುದ್ದಾದ ಕೂಸು ನೆನಪಾಗುತ್ತವೆ. ಅಂಥವು ನನಗೂ ಇಷ್ಟವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಚಿತ್ರದಲ್ಲಿ ಬಿಸಿಲೂ ಇಲ್ಲ, ಕೂಸೂ ಇಲ್ಲ. ಜರ್ಮನಿಯ ಫ್ರಿಟ್ಸ್ ಫಾನ್ ಊಡೆ 1890ರಲ್ಲಿ ಬರೆದ ‘ಕಷ್ಟದ ನಡಿಗೆ’ ಅದು. ಮ್ಯೂನಿಕ್‌ನ ನೋಯೆ ಪಿನಾಕೊಟೆಕ್ ಎಂಬ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ.

ಮಂಜು ಕವಿದ ಹೊತ್ತು. ಬೋಳು ಮರಗಳು. ಗಾಡಿಗಳು ಓಡಾಡಿ ಕಲಸಿಹೋದ ಹಳ್ಳಿಯ ಕೆಸರು ಹಾದಿ. ಅದರಲ್ಲಿ ಇಬ್ಬರು ನಮಗೆ ಬೆನ್ನು ಮಾಡಿ ನಡೆಯುತ್ತಿದ್ದಾರೆ. ಅವನು ಬಡಗಿ, ಅವಳು ದಿನ ತುಂಬಿದ ಬಸುರಿ, ಅವನಿಗೆ ಒರಗಿಕೊಂಡೇ ಹೆಜ್ಜೆ ಎತ್ತಿಡುತ್ತಿದ್ದಾಳೆ. ಯೇಸು ಹುಟ್ಟುವ ಮುನ್ನ ಬೇತ್ಲೆಹೇಮಿಗೆ ಹೊರಟ ಅವನ ತಾಯಿ ಮರಿಯ ಮತ್ತು ಅವಳ ಗಂಡ ಯೋಸೇಫ ಇವರು. ಊಡೆ ಅವರನ್ನು ಪ್ಯಾಲೆಸ್ತೀನಿನಿಂದ ತಂದು ತನ್ನ ಕಾಲದ ದಕ್ಷಿಣ ಜರ್ಮನಿಯ ಬವೇರಿಯಾದ ಬಡ ದಂಪತಿಯನ್ನಾಗಿ ಮಾಡಿದ್ದಾನೆ. ಮುಖ ಕಾಣದಿದ್ದರೂ ಆ ಬೆನ್ನಿನಲ್ಲೇ ಅವಳ ದಣಿವೆಲ್ಲ ಗೊತ್ತಾಗುತ್ತದೆ. ಹೆರಿಗೆಗೆ ಮುಂಚಿನ ದಿನಗಳ ಭಾರವನ್ನು ಇಷ್ಟು ಗೌರವದಿಂದ ಕಂಡ ಗಂಡಸು ಚಿತ್ರಕಾರರು ಎಷ್ಟು ಮಂದಿ?

ಊಡೆ ಮೊದಲು ಅಶ್ವದಳದ ಅಧಿಕಾರಿ. 1879ರಲ್ಲಿ ಪ್ಯಾರಿಸ್‌ಗೆ ಹೋಗಿ ಹಂಗೇರಿಯ ಚಿತ್ರಕಾರ ಮುಂಕಾಚಿಯ ಬಳಿ ಕಲಿತ. 1882ರಲ್ಲಿ, ಜರ್ಮನ್ ಚಿತ್ರಕಾರ ಮ್ಯಾಕ್ಸ್ ಲೀಬರ್ಮನ್‌ನ ಪ್ರಭಾವದಲ್ಲಿ, ಹಾಲೆಂಡಿಗೆ ಹೋದ ಮೇಲೆ ಅವನ ಚಿತ್ರಗಳಿಗೆ ಬಯಲಿನ ಬೆಳಕು ಬಂತು. ಜರ್ಮನಿಯಲ್ಲಿ ಇಂಪ್ರೆಷನಿಸಂಗೆ ದಾರಿ ಮಾಡಿದವರಲ್ಲಿ ಅವನೂ ಒಬ್ಬ. ಪವಿತ್ರ ಕಥೆಯ ಪಾತ್ರಗಳನ್ನು ರೈತರು, ಕೂಲಿಕಾರರ ನಡುವೆ ಇಟ್ಟದ್ದಕ್ಕೆ ಸಂಪ್ರದಾಯಸ್ಥರು ಸಿಡಿದೆದ್ದರು. ನನಗಂತೂ ಅವನೇ ಆ ಕಥೆಗೆ ಹೆಚ್ಚು ನಿಷ್ಠನಾಗಿದ್ದ ಅನ್ನಿಸುತ್ತದೆ. ಛತ್ರದಲ್ಲಿ ಜಾಗ ಸಿಗದೆ ದನದ ಗೋದಲಿಯಲ್ಲಿ ಮಗುವನ್ನು ಮಲಗಿಸಿದವಳ ಕಥೆಯಲ್ಲಿ ರೇಷ್ಮೆಗೇನು ಕೆಲಸ?

ಬೆಳಕನ್ನು ಹಿಡಿಯುವ ಕಲೆಗೆ ಬಿಸಿಲೇ ಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ಮಂಜಿನಲ್ಲಿ ಸೋಸಿ ಬರುವ ಮಂಕು ಬೆಳಕು, ಹಸಿ ಮಣ್ಣು, ದೂರ ಹೋದಂತೆ ಕರಗುವ ಮರಗಳು: ಇವನ್ನು ಬರೆಯಲು ತೋಟದ ಹೂಗಳಿಗೆ ಬೇಕಾದುದಕ್ಕಿಂತ ಹೆಚ್ಚಿನ ಕಣ್ಣು ಬೇಕು. ಇಲ್ಲಿ ಪ್ರಕೃತಿ ತಾಯಿಯನ್ನು ಮಡಿಲಿಗೆ ಹಾಕಿಕೊಳ್ಳುವುದಿಲ್ಲ. ಕಾಲಡಿಯ ಕೆಸರಾಗಿ ಅವಳನ್ನು ಹಿಂದಕ್ಕೆ ಎಳೆಯುತ್ತದೆ. ಬಡವರ ಮನೆಯ ಬಸುರಿಯರಿಗೆ ಪ್ರಕೃತಿ ಬಹುಪಾಲು ಹೀಗೆಯೇ ಎದುರಾಗಿದೆ.

ಇನ್ನೊಂದು ವಿಷಯ ಹೇಳಲೇಬೇಕು. ಊಡೆಯ ಹೆಂಡತಿ ಅಮಾಲಿ 1886ರಲ್ಲಿ, ಮೂರನೆಯ ಮಗಳು ಹುಟ್ಟಿದ ಸ್ವಲ್ಪದರಲ್ಲೇ ತೀರಿಕೊಂಡಳು. ಆ ದುಃಖವೇ ಈ ಚಿತ್ರವಾಯಿತು ಎಂದು ನೇರ ಗೆರೆ ಎಳೆಯುವುದು ಸುಲಭ, ನಾನು ಎಳೆಯುವುದಿಲ್ಲ. ಆದರೆ ಬಸಿರು, ಬಾಣಂತನ ಹೆಣ್ಣಿನಿಂದ ಏನನ್ನು ಕಿತ್ತುಕೊಳ್ಳಬಲ್ಲವು ಎಂಬುದನ್ನು ಅವನು ಮನೆಯೊಳಗೇ ಕಂಡಿದ್ದ. ಮುಂದೆ ತನ್ನ ಹೆಣ್ಣುಮಕ್ಕಳನ್ನು ತೋಟದ ಬೆಳಕಿನಲ್ಲಿ ಮತ್ತೆ ಮತ್ತೆ ಬರೆದ. ಹೆಚ್ಚಿನವರು ಮೆಚ್ಚುವುದು ಆ ಹಸಿರು ಚಿತ್ರಗಳನ್ನೇ. ಅವುಗಳನ್ನೂ ಖಂಡಿತ ನೋಡಿ, ಆದರೆ ಈ ಕೆಸರಿನ ಹಾದಿಯನ್ನು ನೋಡಿದ ಮೇಲೆ.