ಸುಖಕ್ಕೊಂದು ಖಾತೆ, ಖಾತೆಗೊಬ್ಬ ಮಂತ್ರಿ

ಮಾರ್ಚ್ 20ರ ಆಸುಪಾಸಿಗೆ ಬರುವ ವಿಶ್ವ ಸಂತೋಷ ವರದಿಯ ಆ ಪಟ್ಟಿ ನಿಮಗೆ ಗೊತ್ತೇ ಇದೆ. ಫಿನ್ಲೆಂಡ್ ಮೊದಲು, ನಾವು ನೂರರಾಚೆ ಎಲ್ಲೋ, ಪಾಕಿಸ್ತಾನ ನಮಗಿಂತ ಒಂದಿಷ್ಟು ಮೇಲೆ. ಮೊದಲೆರಡು ಸಂಗತಿಗಳಿಂದ ಯಾರಿಗೂ ನಿದ್ದೆ ಕೆಡುವುದಿಲ್ಲ. ಮೂರನೆಯದಕ್ಕೆ ಮಾತ್ರ ಟೀವಿಯಲ್ಲಿ ನಾಲ್ಕು ಜನ ಕೂತು ಗಂಟಲು ಹರಿದುಕೊಳ್ಳುತ್ತಾರೆ. 2025ರಲ್ಲಿ 147 ದೇಶಗಳ ಪೈಕಿ ಭಾರತಕ್ಕೆ 118ನೇ ಸ್ಥಾನ, ಅವರಿಗೆ 109. ಈ ಒಂಬತ್ತರ ಅಂತರದಿಂದ ನಮಗಾದ ದುಃಖವನ್ನು ಮರುವರ್ಷದ ಲೆಕ್ಕದಲ್ಲಿ ಕಳೆದಿರುತ್ತಾರೋ ಏನೋ.

ಸಂತೋಷವನ್ನು ಅಳೆಯುವ ಬಗೆಯಂತೂ ಬಲು ಸೊಗಸು. ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1965ರಲ್ಲಿ ಒಂದು ಏಣಿ ಕೊಟ್ಟು ಹೋದರು. ಬುಡ ಸೊನ್ನೆ, ತುದಿ ಹತ್ತು. ತುದಿಯಲ್ಲಿ ನೀವು ಊಹಿಸಬಹುದಾದ ಅತ್ಯುತ್ತಮ ಬದುಕು, ಬುಡದಲ್ಲಿ ಅತಿ ಕೆಟ್ಟದ್ದು. ಸದ್ಯ ತಾವು ಎಷ್ಟನೇ ಮೆಟ್ಟಿಲಲ್ಲಿದ್ದೀರಿ ಸ್ವಾಮೀ? ದೇಶಕ್ಕೆ ವರ್ಷಕ್ಕೆ ಸುಮಾರು ಸಾವಿರ ಜನರನ್ನು ಹೀಗೆ ಕೇಳಿ, ಮೂರು ವರ್ಷದ ಸರಾಸರಿ ತೆಗೆದರೆ ರಾಷ್ಟ್ರದ ಸಂತೋಷ ತಯಾರು. ಏಣಿ ಅಂದರೆ ಸಾಕು, ಜನರ ತಲೆಗೆ ದುಡ್ಡು, ಅಧಿಕಾರಗಳೇ ಬರುತ್ತವೆ ಎಂದು ಈಚೆಗೆ ಸಂಶೋಧಕರು ಪ್ರಯೋಗ ಮಾಡಿ ಕಂಡುಕೊಂಡಿದ್ದಾರೆ. ಯಾವುದೇ ಪಕ್ಷದ ಬೂತ್ ಮಟ್ಟದ ಕಾರ್ಯಕರ್ತನನ್ನು ಕೇಳಿದ್ದರೆ ಪ್ರಯೋಗದ ಖರ್ಚು ಉಳಿಯುತ್ತಿತ್ತು. ಹತ್ತಿದವರು ಏಣಿಯನ್ನು ಏನು ಮಾಡುತ್ತಾರೆ ಎಂಬುದನ್ನೂ ಅವನೇ ಸೇರಿಸಿ ಹೇಳುತ್ತಿದ್ದ.

ಅಳತೆಯ ಮಾತು ಬಂದಾಗ ನಮ್ಮ ವಾಯು ಗುಣಮಟ್ಟ ಸೂಚ್ಯಂಕವನ್ನು ಮರೆಯುವುದು ಕೃತಘ್ನತೆಯಾದೀತು. ಅದು 500ಕ್ಕೆ ನಿಲ್ಲುತ್ತದೆ. ದೆಹಲಿಯ ಚಳಿಗಾಲದಲ್ಲಿ ಗಾಳಿ ಎಷ್ಟೇ ಕೆಟ್ಟರೂ ಸರ್ಕಾರಿ ಫಲಕದ ಮೇಲೆ 500ರ ಮುಂದೆ ಅಂಕಿಯಿಲ್ಲ. ಅಲ್ಲಿಂದಾಚೆಯ ಕೆಮ್ಮು ನಿಮ್ಮ ಸ್ವಂತ ಜವಾಬ್ದಾರಿ. ಇಂಥ ಕರುಣೆ ಉಳಿದ ಖಾತೆಗಳಿಗೂ ಹಬ್ಬಬೇಕು. ಬೆಲೆಯೇರಿಕೆ ಶೇಕಡಾ 5ಕ್ಕೆ ನಿಲ್ಲಲಿ, ನಿರುದ್ಯೋಗ 4ಕ್ಕೆ. ಕೋರ್ಟು ಕೇಸು ಹತ್ತು ವರ್ಷ ಮುಟ್ಟಿದ ಮೇಲೆ ಹತ್ತು ವರ್ಷದಲ್ಲೇ ಇರಲಿ.

2022ರಲ್ಲಿ ಅಮೆರಿಕದ ಯೇಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳವರು ಪರಿಸರ ಸಾಧನೆಯ ಪಟ್ಟಿ ಮಾಡಿ 180 ದೇಶಗಳಲ್ಲಿ ನಮ್ಮನ್ನು 180ನೆಯವರಾಗಿ ಕೂರಿಸಿದರು. ಕೇಂದ್ರದ ಪರಿಸರ ಸಚಿವಾಲಯ ಕೂಡಲೇ ಎದ್ದು, ಈ ಅಳತೆಗೆ ವೈಜ್ಞಾನಿಕ ಆಧಾರವೇ ಇಲ್ಲ ಎಂದು ವಿವರವಾದ ಹೇಳಿಕೆ ಕೊಟ್ಟಿತು. ಅದರ ಒಂದೆರಡು ಆಕ್ಷೇಪ ನ್ಯಾಯವಾದದ್ದೇ ಇದ್ದೀತು, ನನ್ನ ತಕರಾರು ಅದಲ್ಲ. ಸರ್ಕಾರಿ ಕಚೇರಿಯೊಂದು ಅರ್ಜಿಯೊಂದಕ್ಕೆ ಅಷ್ಟು ಬೇಗ ಉತ್ತರ ಬರೆದದ್ದು ನಾನು ಇನ್ನೆಲ್ಲೂ ಕಂಡಿಲ್ಲ.

ಇರಲಿ, ಹೊರಟದ್ದು ಸುಖದ ಕಡೆಗೆ.

ಈ ಪೂಜೆಯ ಮೂಲ ಪೀಠ ಭೂತಾನ್. ಉತ್ಪನ್ನಕ್ಕಿಂತ ಸಂತೋಷ ಮುಖ್ಯ ಎಂಬ ಮಾತು ಅಲ್ಲಿನ ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರದು. 2008ರ ಸಂವಿಧಾನದಲ್ಲೂ ಅದು ಸೇರಿತು. ಒಂಬತ್ತು ಕ್ಷೇತ್ರ, 33 ಸೂಚಕಗಳಲ್ಲಿ ಅದನ್ನು ಅಳೆಯುತ್ತಾರೆ. ಅದೇ ದೇಶ 1990ರ ದಶಕದ ಆರಂಭದಲ್ಲಿ ನೇಪಾಳಿ ಮಾತಾಡುವ ಲೋತ್ಸಾಂಪರಲ್ಲಿ ಸುಮಾರು ಒಂದು ಲಕ್ಷ ಜನರನ್ನು ಹೊರದಬ್ಬಿತು. ಅವರು ಹತ್ತಿಪ್ಪತ್ತು ವರ್ಷ ನೇಪಾಳದ ಶಿಬಿರಗಳಲ್ಲಿ ಕೊಳೆತರು. ಇದನ್ನು ತಪ್ಪು ತಿಳಿಯಬಾರದು. ಸರಾಸರಿ ಏರಿಸಲು ದಾರಿ ಎರಡೇ: ಇರುವವರನ್ನು ಸುಖವಾಗಿಡುವುದು, ಇಲ್ಲವೇ ಸುಖವಿಲ್ಲದವರನ್ನು ಎಣಿಕೆಯಿಂದ ತೆಗೆಯುವುದು. ಎರಡನೆಯದರಲ್ಲಿ ಖರ್ಚು ಕಡಿಮೆ.

ಮಾದರಿ ಸಿಕ್ಕಿದ ಮೇಲೆ ತಡವೇಕೆ? 2013ರ ಅಕ್ಟೋಬರ್‌ನಲ್ಲಿ ವೆನೆಜುವೆಲಾದ ನಿಕೊಲಾಸ್ ಮಡುರೊ 'ಪರಮ ಸಾಮಾಜಿಕ ಸುಖ'ಕ್ಕಾಗಿ ಉಪಸಚಿವಾಲಯವನ್ನೇ ತೆರೆದರು. ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರಿಗೂ ಬರ ಬಿದ್ದಿದ್ದ ಕಾಲ ಅದು. ಸುಖ ಸಾಲದಾಗಿ ಆ ವರ್ಷ ಕ್ರಿಸ್‌ಮಸ್ಸನ್ನು ನವೆಂಬರಿಗೆ ಎಳೆದು ತಂದರು. 2024ರಲ್ಲಿ, ಚುನಾವಣೆಯ ಎಣಿಕೆಯ ಗಲಾಟೆ ಇನ್ನೂ ಆರದಿದ್ದಾಗ, ಅಕ್ಟೋಬರ್ 1ಕ್ಕೇ ತಂದು ನಿಲ್ಲಿಸಿದರು. ಪಂಚಾಂಗದವರು ಇವರಿಂದ ಕಲಿಯುವುದು ಬಹಳ ಇದೆ.

ಯುಎಇ 2016ರ ಫೆಬ್ರುವರಿಯಲ್ಲಿ ಸಂತೋಷಕ್ಕೊಬ್ಬ ರಾಜ್ಯ ಸಚಿವೆಯನ್ನು ನೇಮಿಸಿತು. ಅಷ್ಟರೊಳಗೆ ದುಬೈನ ಸರ್ಕಾರಿ ಕೌಂಟರ್‌ಗಳಲ್ಲಿ ನಗುಮುಖ, ಸಪ್ಪೆಮುಖ, ಅಳುಮುಖದ ಬಟನ್‌ಗಳು ಬಂದಾಗಿತ್ತು. ಕೆಲಸ ಆಯಿತೇ, ಒಂದನ್ನು ಒತ್ತಿ ಹೋಗಿ. ಈ ಮುಖಗಳನ್ನು ನೀವು ವಿಮಾನ ನಿಲ್ದಾಣದ ಶೌಚಾಲಯದ ಬಾಗಿಲಲ್ಲೂ ಕಂಡಿರುತ್ತೀರಿ. ಕೈ ತೊಳೆದು, ಒರೆಸಲು ಕಾಗದ ಸಿಗದೆ, ಒದ್ದೆ ಬೆರಳಲ್ಲಿ ಕೆಂಪು ಮುಖವನ್ನು ಒತ್ತಿ ಪ್ರಜೆ ತನ್ನ ಹಕ್ಕು ಚಲಾಯಿಸುತ್ತಾನೆ. ಹಿಂದೆ ನಿಂತವನ ಮಗು ಎಲ್ಲ ಬಟನ್‌ಗಳನ್ನೂ ಟಪಟಪ ಒತ್ತಿ ಫಲಿತಾಂಶ ಅತಂತ್ರ ಮಾಡುತ್ತದೆ. ಕಾಗದ ಮಾತ್ರ ಸಂಜೆಯವರೆಗೂ ಬರುವುದಿಲ್ಲ. ದೂರು ಕೊಟ್ಟ ತೃಪ್ತಿ ಸಿಕ್ಕಿತಲ್ಲ, ಇನ್ನು ಕಾಗದವೂ ಬೇಕೆಂದರೆ ದುರಾಸೆ. ಇಂಥ ಬಟನ್‌ಗಳನ್ನು ಜಗತ್ತಿಗೆ ಮಾರಿ ಹೆಸರು ಮಾಡಿದ 'ಹ್ಯಾಪಿ ಆರ್ ನಾಟ್' ಎಂಬ ಕಂಪನಿ 2009ರಲ್ಲಿ ಹುಟ್ಟಿದ್ದು ಎಲ್ಲಿ ಗೊತ್ತೇ? ಫಿನ್ಲೆಂಡಿನ ತಾಂಪೆರೆಯಲ್ಲಿ. ಅವರು ಸುಖವಾಗಿದ್ದಾರೆ, ನಮಗೆ ಬಟನ್ ಕಳಿಸುತ್ತಾರೆ.

ನಮ್ಮಲ್ಲೂ ಹಿಂದೆ ಬಿದ್ದವರಿಲ್ಲ. ಮಧ್ಯಪ್ರದೇಶ 2016ರಲ್ಲಿ ದೇಶಕ್ಕೇ ಮೊದಲಾಗಿ ಆನಂದ ಇಲಾಖೆ ತೆರೆಯಿತು. ಸ್ವಯಂಸೇವಕರಿಗೆ 'ಆನಂದಕ'ರೆಂದು ಬಿರುದು. ಸರ್ಕಾರಿ ನೌಕರರು ಕೆಲಸದ ನಡುವೆ ತುಸು ನಿಂತು ತಮ್ಮೊಳಗನ್ನು ನೋಡಿಕೊಳ್ಳಲಿ ಎಂದು 'ಅಲ್ಪವಿರಾಮ' ಎಂಬ ಕಾರ್ಯಕ್ರಮ. ನೌಕರರಿಗೆ ವಿರಾಮ ಕಲಿಸಲು ಸರ್ಕಾರ ಹೊರಟದ್ದನ್ನು ಓದಿ ನನಗೆ ನಿಜಕ್ಕೂ ಆನಂದವಾಯಿತು. ಮೀನಿಗೆ ಈಜು ಹೇಳಿಕೊಟ್ಟ ಹಾಗೆ. ಆನಂದದ ಸೂಚ್ಯಂಕ ಮಾಡಿಕೊಡಲು ಖರಗ್‌ಪುರದ ಐಐಟಿಯೊಡನೆ ಒಪ್ಪಂದವೂ ಆಯಿತು. ಮರುವರ್ಷ, 2017ರ ಜೂನ್ 6ರಂದು, ಬೆಳೆಗೆ ಬೆಲೆ ಕೊಡಿ ಎಂದು ಕೇಳುತ್ತಿದ್ದ ರೈತರ ಮೇಲೆ ಮಂದಸೌರ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು. ರೈತರು ಸತ್ತರು. ಇದಕ್ಕೆ ಬರೆಯಲು ನನ್ನ ಬಳಿ ತಮಾಷೆಯಿಲ್ಲ.

ಕೋಪ ಬರುವುದು ಇಲ್ಲಿಯೇ. ಬೆಲೆ, ಬಸ್ಸು, ನೀರು, ಗಾಳಿ ಎಲ್ಲ ಸರ್ಕಾರದ ಕೆಲಸ ಎಂದು ನಾವು ತಿಳಿದುಕೊಂಡಿದ್ದೆವು. ಅವುಗಳ ಕಡತ ನಿಧಾನವಾಗಿ ನಮ್ಮ ಮನಸ್ಸಿನ ಕಡತವಾಗಿಬಿಟ್ಟಿದೆ. ಎರಡು ಗಂಟೆ ಬಸ್ಸಿಗೆ ಕಾದವನಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುತ್ತಾರೆ, ಅದೂ ಆ ಗಾಳಿಯಲ್ಲಿ. ಸಾಲದಲ್ಲಿ ಮುಳುಗಿದವಳಿಗೆ ಕೃತಜ್ಞತೆಯ ಡೈರಿ ಬರೆ ಎನ್ನುತ್ತಾರೆ. ನಿನಗೆ ದುಃಖವೇ? ಹಾಗಾದರೆ ನಿನ್ನ ದೃಷ್ಟಿಕೋನದಲ್ಲೇ ಏನೋ ಐಬಿದೆ. 2023ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1.72 ಲಕ್ಷ ಜನ. ಏಣಿಯ ಪ್ರಶ್ನೆಯನ್ನು ಅವರಿಗೆ ಕೇಳಲಾಗುವುದಿಲ್ಲ, ಆದ್ದರಿಂದ ಸರಾಸರಿಗೂ ತೊಂದರೆಯಿಲ್ಲ.

ಪಟ್ಟಿಯ ತುದಿಯಲ್ಲಿ ಕೂತವರು ಏನು ಮಾಡುತ್ತಾರೆ ನೋಡೋಣವೆಂದರೆ ಅಲ್ಲಿ ನೋಡುವುದಕ್ಕೇ ಏನೂ ಇಲ್ಲ, ಅಷ್ಟು ನೀರಸ. ಹೆಲ್ಸಿಂಕಿಯ ಅರ್ಧಕ್ಕಿಂತ ಹೆಚ್ಚು ರಸ್ತೆಗಳಲ್ಲಿ ಗಂಟೆಗೆ 30 ಕಿಲೋಮೀಟರು ದಾಟುವಂತಿಲ್ಲ. ಸುಮಾರು ಏಳು ಲಕ್ಷ ಜನರ ಆ ನಗರದಲ್ಲಿ 2024ರ ಜುಲೈನಿಂದ ಒಂದು ವರ್ಷ ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ. ಮನೆಯಿಲ್ಲದವರಿಗೆ 2008ರಿಂದ ಅವರು ಮೊದಲು ಮನೆ ಕೊಡುತ್ತಾರೆ, ಕುಡಿತ ಬಿಟ್ಟೆಯಾ, ಕೆಲಸ ಹುಡುಕಿದೆಯಾ ಎಂಬ ವಿಚಾರಣೆ ಆಮೇಲೆ. ಉದ್ಘಾಟನೆ ಮಾಡಲು ಇದರಲ್ಲಿ ಏನಿದೆ ಹೇಳಿ? ಸಾಯದೆ ಉಳಿದವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಯಾವ ಮಂತ್ರಿಗೂ ಬರುವುದಿಲ್ಲ, ಯಾಕೆಂದರೆ ಅವನು ಯಾರೆಂದು ಅವನಿಗೇ ಗೊತ್ತಿರುವುದಿಲ್ಲ. ಫಿನ್ನರೇನು ದೇವತೆಗಳಲ್ಲ. ಈಗಿನ ಸರ್ಕಾರ ಅಲ್ಲೂ ಸವಲತ್ತು ಕತ್ತರಿಸುತ್ತಿದೆ, 2024ರಲ್ಲಿ ಕಾರ್ಮಿಕರು ವಾರಗಟ್ಟಲೆ ಮುಷ್ಕರ ಹೂಡಿದ್ದರು.

ನನಗೆ ಹೆಚ್ಚು ಇಷ್ಟ ಬ್ರಿಟಿಷರ ಕಥೆ. 2010ರ ಅಕ್ಟೋಬರ್ 20ರಂದು ಡೇವಿಡ್ ಕ್ಯಾಮೆರಾನ್ ಸರ್ಕಾರ 8,100 ಕೋಟಿ ಪೌಂಡುಗಳ ಖರ್ಚು ಕಡಿತ ಘೋಷಿಸಿತು. ನವೆಂಬರ್ 25ರಂದು ಅದೇ ಕ್ಯಾಮೆರಾನ್, ಇನ್ನು ಮುಂದೆ ಪ್ರಜೆಗಳ ಕ್ಷೇಮವನ್ನೂ ಅಳೆಯುತ್ತೇವೆ ಎಂದರು. ಮರುವರ್ಷದಿಂದ ಅಂಕಿಅಂಶ ಇಲಾಖೆಯವರು ಜನರನ್ನು ಕೇಳತೊಡಗಿದರು: ನಿನ್ನೆ ನಿಮಗೆ ಎಷ್ಟು ಸಂತೋಷವಾಗಿತ್ತು? ನಿನ್ನೆ ಎಷ್ಟು ಆತಂಕವಾಗಿತ್ತು? ಸೊನ್ನೆಯಿಂದ ಹತ್ತರೊಳಗೆ ಹೇಳಿ. ಜನ ಹೇಳುತ್ತಿದ್ದ ಹಾಗೆಯೇ ಗ್ರಂಥಾಲಯಗಳು ಮುಚ್ಚಿದವು, ಯುವಜನರ ಕ್ಲಬ್‌ಗಳಿಗೆ ಬೀಗ ಬಿತ್ತು, ಹಳ್ಳಿಗಳಿಗೆ ಬಸ್ಸು ನಿಂತಿತು. ಆಮೇಲೆ ಜನ ಒಂಟಿಯಾಗಿದ್ದಾರೆ ಎಂಬ ಆಘಾತಕಾರಿ ಸತ್ಯ ಹೊರಬಿತ್ತು. 2018ರ ಜನವರಿಯಲ್ಲಿ ಒಂಟಿತನಕ್ಕೂ ಒಬ್ಬ ಮಂತ್ರಿ ಬಂದರು, ಟ್ರೇಸಿ ಕ್ರೌಚ್. ಕ್ರೀಡೆ, ಜೂಜುಗಳ ಹೊಣೆಯೂ ಅವರದೇ.

ಜೂಜಿನ ಅಂಗಡಿಗಳಲ್ಲಿ ಒಂದು ಯಂತ್ರವಿತ್ತು, ಒಂದೇ ಆಟಕ್ಕೆ 100 ಪೌಂಡು ನುಂಗುವಂಥದ್ದು. ಅದನ್ನು 2 ಪೌಂಡಿಗೆ ಇಳಿಸುವುದಾಗಿ ಸರ್ಕಾರ ಮಾತು ಕೊಟ್ಟಿತ್ತು. ಜಾರಿಯ ದಿನಾಂಕವನ್ನು 2019ರ ಅಕ್ಟೋಬರಿಗೆ ತಳ್ಳಿದಾಗ ಕ್ರೌಚ್ ಒಂಟಿತನವನ್ನೂ ಸೇರಿಸಿ ಎಲ್ಲ ಖಾತೆಗಳನ್ನೂ ಬಿಟ್ಟು ರಾಜೀನಾಮೆ ಬಿಸಾಕಿದರು, 2018ರ ನವೆಂಬರ್ 1ರಂದು. ಎರಡು ವಾರದೊಳಗೆ ಸರ್ಕಾರ ಬಾಗಿತು. ದಿನಾಂಕ ಏಪ್ರಿಲ್‌ಗೆ ಹಿಂದೆ ಬಂತು. ಸುಖದ ಮಂತ್ರಿಗಳು ಈವರೆಗೆ ಜನರಿಗೆ ಮಾಡಿದ ಉಪಕಾರಗಳನ್ನು ಹುಡುಕಿದಾಗ ನನಗೆ ಕೈಗೆ ಸಿಕ್ಕಿದ್ದು ಇದೊಂದೇ, ಅದೂ ಕುರ್ಚಿ ಬಿಟ್ಟದ್ದರಿಂದ ಆದದ್ದು. ಉಳಿದ ಖಾತೆದಾರರು ದಯವಿಟ್ಟು ಪರಿಶೀಲಿಸಬೇಕಾಗಿ ವಿನಂತಿ.